ತೊಗರಿ ದರ ಕುಸಿತವೂ ದಾಲ್ ಮಿಲ್‌ನ ಬ್ಯಾಂಕ್ ಮಿತಿಯೂ

ಸೇಡಂ, ಚಿತ್ತಾಪುರ ಭಾಗದ ಹೊಸ ತೊಗರಿ ಸೇಡಂ ರಸ್ತೆಯ ಮೂಲಕ ಕಲಬುರಗಿ ಮಾರುಕಟ್ಟೆಗೆ ಬರುವುದು ಡಿಸೆಂಬರ್ ನಂತರ. ಆಗ ದರ ಕುಸಿದರೆ ಅದು ರೈತನೊಬ್ಬನ ನಷ್ಟವೆಂದು ಭಾವಿಸುವ ಸದಸ್ಯರು ತಮ್ಮ ದಾಸ್ತಾನು ಪಟ್ಟಿಯನ್ನೊಮ್ಮೆ ನೋಡುವುದು ಒಳಿತು.

2025-26ರ ಹಂಗಾಮಿಗೆ ಕೇಂದ್ರ ಸರ್ಕಾರವು ತೊಗರಿಗೆ ಕ್ವಿಂಟಲ್‌ಗೆ 8,000 ರೂ. ಬೆಂಬಲ ಬೆಲೆ ನಿಗದಿಪಡಿಸಿತು. ಆದರೆ ಖರೀದಿ ಕೇಂದ್ರಗಳು ಕೊಳ್ಳುವುದು ಬೆಳೆಯ ಒಂದು ಪಾಲನ್ನು ಮಾತ್ರ. ಮಿಕ್ಕಿದ್ದು ಮಾರುಕಟ್ಟೆ ದರಕ್ಕೇ ಹೋಗಬೇಕು. 2021ರ ಮೇ ತಿಂಗಳಲ್ಲಿ ಆಮದಿನ ಪರಿಮಾಣ ನಿರ್ಬಂಧ ತೆಗೆದ ಮೇಲೆ ಆ ದರವನ್ನು ಮೊಜಾಂಬಿಕ್, ಮ್ಯಾನ್ಮಾರ್‌ಗಳ ಫಸಲೂ ನಿರ್ಧರಿಸುತ್ತದೆ. ಬಂದರಿನ ಸಮೀಪದ ಗಿರಣಿಗೆ ಇದು ಲಾಭ. ಸಾಗಣೆ ವೆಚ್ಚ ಹೊರಬೇಕಾದ ನಮಗೆ ಅಷ್ಟಿಲ್ಲ.

ಲೆಕ್ಕಪತ್ರ ನಿಯಮದಂತೆ ದಾಸ್ತಾನನ್ನು ಕೊಂಡ ಬೆಲೆ ಅಥವಾ ಮಾರಿದರೆ ದೊರೆಯುವ ನಿವ್ವಳ ಬೆಲೆ, ಇವೆರಡರಲ್ಲಿ ಕಡಿಮೆಯಾದುದಕ್ಕೆ ತೋರಿಸಬೇಕು. ಬೇಳೆಯ ದರವೂ ಇಳಿದಿದ್ದರೆ ತೊಗರಿಯ ಮೌಲ್ಯವನ್ನೂ ಇಳಿಸದೆ ವಿಧಿಯಿಲ್ಲ. ಜನವರಿಯಲ್ಲಿ 8,000 ರೂ. ದರದಲ್ಲಿ ನಗದು ಕೊಟ್ಟು 100 ಕ್ವಿಂಟಲ್ ಕೊಂಡಿರಿ ಎನ್ನೋಣ. ಮಾರ್ಚ್ 31ಕ್ಕೆ ದರ 7,000ಕ್ಕೆ ಇಳಿದರೆ 8 ಲಕ್ಷದ ಸರಕು 7 ಲಕ್ಷವಾಯಿತು. ಬ್ಯಾಂಕ್ ಶೇ. 25 ಮಾರ್ಜಿನ್ ಕಳೆಯುವುದಾದರೆ ಹಣ ಪಡೆಯುವ ಮಿತಿ 6 ಲಕ್ಷದಿಂದ 5.25 ಲಕ್ಷಕ್ಕೆ ಇಳಿಯುತ್ತದೆ. ಸಾಲಕ್ಕೆ ಕೊಂಡ ಸರಕಾದರೆ ಅದು ಈ ಮಿತಿಯ ಲೆಕ್ಕಕ್ಕೇ ಬಾರದು. ಬ್ಯಾಂಕಿನವರು ಆ 75,000 ರೂ.ಗಳನ್ನು ಕೇಳುವುದು ಅಡತಿಯವರು ಬಾಕಿ ಕೇಳುವ ವಾರದಲ್ಲೇ ಎಂಬುದು ನನ್ನ ಅನುಭವ.