ಆಳುವವರಿಗೆ ಆ ಹಕ್ಕು ಕೊಟ್ಟವರು ಯಾರು?

ಒಬ್ಬ ಮನುಷ್ಯ ಮತ್ತೊಬ್ಬನ ದುಡಿಮೆಯ ಪಾಲನ್ನು ಬೆದರಿಸಿ ಕಿತ್ತುಕೊಂಡರೆ ಅದು ಸುಲಿಗೆಯೆನಿಸುತ್ತದೆ, ಅವನನ್ನು ಕೂಡಿಹಾಕಿದರೆ ಅಪರಾಧವೆನಿಸುತ್ತದೆ, ಕೊಂದರೆ ಕೊಲೆಯೆನಿಸುತ್ತದೆ. ಸರ್ಕಾರ ತೆರಿಗೆ ವಸೂಲು ಮಾಡುವಾಗ, ಸೆರೆಮನೆಗೆ ಕಳಿಸುವಾಗ, ಗಲ್ಲಿಗೇರಿಸುವಾಗ ಹೊರನೋಟಕ್ಕೆ ನಡೆಯುವುದು ಇವೇ ಕ್ರಿಯೆಗಳಾದರೂ ಬಹುಪಾಲು ಜನರಿಗೆ ಅದರಲ್ಲಿ ವಿಚಿತ್ರವೇನೂ ಕಾಣುವುದಿಲ್ಲ. ಸರ್ಕಾರಕ್ಕೆ ಬಲವಿದೆ ಎಂಬುದು ಇದಕ್ಕೆ ಸಮಾಧಾನವಾಗಲಾರದು, ಏಕೆಂದರೆ ಬಲ ದರೋಡೆಕೋರರ ಗುಂಪಿಗೂ ಇರುತ್ತದೆ. ಸರ್ಕಾರಕ್ಕೆ ಆಜ್ಞಾಪಿಸುವ ಹಕ್ಕಿದೆ, ಆ ಆಜ್ಞೆ ಸರ್ಕಾರದ್ದು ಎಂಬ ಕಾರಣಕ್ಕೇ ಅದನ್ನು ಪಾಲಿಸುವ ಕರ್ತವ್ಯ ಪ್ರಜೆಗಿದೆ ಎಂಬ ನಂಬಿಕೆಯೊಂದೇ ಇವೆರಡರ ನಡುವಿನ ಗೆರೆ. ರಾಜಕೀಯ ತತ್ತ್ವಶಾಸ್ತ್ರ ಈ ಹಕ್ಕನ್ನು ನ್ಯಾಯಸಮ್ಮತ ಅಧಿಕಾರವೆಂದೂ ಈ ಕರ್ತವ್ಯವನ್ನು ರಾಜಕೀಯ ಬಾಧ್ಯತೆಯೆಂದೂ ಗುರುತಿಸುತ್ತದೆ. ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ 1919ರಲ್ಲಿ ಮ್ಯೂನಿಕ್‌ನ ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸದಲ್ಲಿ, ಒಂದು ಗೊತ್ತಾದ ಭೂಪ್ರದೇಶದಲ್ಲಿ ನ್ಯಾಯಸಮ್ಮತ ಬಲಪ್ರಯೋಗದ ಏಕಸ್ವಾಮ್ಯ ತನ್ನದೆಂದು ಸಾಧಿಸಿಕೊಂಡ ಸಮುದಾಯವೇ ರಾಜ್ಯವೆಂದು ವಿವರಿಸಿದನು. ಇಲ್ಲಿ ಗಮನಿಸಬೇಕಾದುದೆಂದರೆ, ಜನರು ಆ ಬಲವನ್ನು ನ್ಯಾಯಸಮ್ಮತವೆಂದು ನಂಬಿದ್ದಾರೆ ಎಂಬುದಷ್ಟೇ ವೇಬರನ ಮಾತಿನ ವ್ಯಾಪ್ತಿ. ಆ ನಂಬಿಕೆ ಸರಿಯೇ ಎಂಬ ಪ್ರಶ್ನೆಗೆ ಅವನ ವ್ಯಾಖ್ಯೆ ಉತ್ತರ ಕೊಡುವುದಿಲ್ಲ.

ಈ ನಂಬಿಕೆ ತಾನಾಗಿ ಹುಟ್ಟುವುದಿಲ್ಲ, ಅದನ್ನು ಬೆಳೆಸಬೇಕಾಗುತ್ತದೆ ಎಂಬುದು ಪ್ರಾಚೀನ ಭಾರತದ ರಾಜನೀತಿಜ್ಞರಿಗೆ ಚೆನ್ನಾಗಿಯೇ ತಿಳಿದಿತ್ತು. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿದ್ದ ರುದ್ರಪಟ್ಟಣದ ಶಾಮಶಾಸ್ತ್ರಿಗಳ ಕೈಗೆ ತಾಳೆಗರಿಯ ರೂಪದಲ್ಲಿ ಸೇರಿ, ಅವರ ಸಂಪಾದನೆಯಲ್ಲಿ 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರದ ಮೊದಲ ಅಧಿಕರಣದಲ್ಲಿ ಇದಕ್ಕೆ ಸಂಬಂಧಿಸಿದ ಒಂದು ಪ್ರಸಂಗವಿದೆ. ದೊಡ್ಡ ಮೀನು ಚಿಕ್ಕ ಮೀನನ್ನು ನುಂಗುವ ಮತ್ಸ್ಯನ್ಯಾಯದಿಂದ, ಎಂದರೆ ಬಲಿಷ್ಠರು ದುರ್ಬಲರನ್ನು ಕಬಳಿಸುವ ಅರಾಜಕ ಸ್ಥಿತಿಯಿಂದ ಬೇಸತ್ತ ಜನರು ವೈವಸ್ವತ ಮನುವನ್ನು ರಾಜನನ್ನಾಗಿ ಮಾಡಿಕೊಂಡು, ಬೆಳೆದ ಧಾನ್ಯದಲ್ಲಿ ಆರನೆಯ ಒಂದು ಪಾಲನ್ನೂ ಮಾರಾಟದ ಸರಕಿನಲ್ಲಿ ಹತ್ತನೆಯ ಒಂದು ಪಾಲನ್ನೂ ಅವನಿಗೆ ಗೊತ್ತುಮಾಡಿದರು ಎಂಬುದು ಆ ಕಥೆ. ಪ್ರಜೆಗಳು ಕರ ಕೊಡುವುದಕ್ಕೂ ರಾಜನು ಅವರನ್ನು ಕಾಯುವುದಕ್ಕೂ ನಡುವೆ ಒಂದು ಒಪ್ಪಂದವಿದೆಯೆಂದು ಹೇಳುವ ಈ ಭಾಗವನ್ನು ಭಾರತೀಯ ಸಾಮಾಜಿಕ ಒಪ್ಪಂದ ಸಿದ್ಧಾಂತದ ಪುರಾವೆಯೆಂದು ಹೆಮ್ಮೆಯಿಂದ ಉದ್ಧರಿಸುವವರು ಅನೇಕರು. ಆದರೆ ಆ ಕಥೆಯನ್ನು ಯಾರ ಬಾಯಲ್ಲಿ ಹೇಳಿಸಲಾಗಿದೆ ಎಂಬುದನ್ನು ಗಮನಿಸುವವರು ಕಡಿಮೆ. ತೀರ್ಥಕ್ಷೇತ್ರಗಳಲ್ಲಿ, ಸಭೆಗಳಲ್ಲಿ, ಜನ ಗುಂಪುಗೂಡುವ ಕಡೆಗಳಲ್ಲಿ ಗೂಢಚಾರರು ತಮ್ಮತಮ್ಮೊಳಗೆ ವಾದಕ್ಕಿಳಿಯಬೇಕು, ಒಬ್ಬನು ರಾಜನು ದಂಡ ಮತ್ತು ಕರಗಳಿಂದ ಜನರನ್ನು ಹಿಂಡುತ್ತಿದ್ದಾನೆಂದು ದೂರಬೇಕು, ಇನ್ನೊಬ್ಬನು ಮನುವಿನ ಕಥೆಯನ್ನು ಹೇಳಿ, ರಾಜನು ಇಂದ್ರ ಯಮರ ಸ್ಥಾನದಲ್ಲಿರುವವನೆಂದೂ ಅವನನ್ನು ಅವಮಾನಿಸಿದವರಿಗೆ ದೈವದಂಡನೆಯೂ ತಪ್ಪದೆಂದೂ ಸಾರಿ ಕ್ಷುದ್ರ ಜನರ ಬಾಯಿ ಮುಚ್ಚಿಸಬೇಕು ಎಂಬುದು ಅಲ್ಲಿನ ವಿಧಿ. ಪ್ರಭುತ್ವದ ಹಕ್ಕಿನ ಮೂಲವನ್ನು ವಿವರಿಸುವ ಕಥೆ ಹೀಗೆ ಪ್ರಭುತ್ವದಿಂದಲೇ ಸಂಬಳ ಪಡೆಯುವವರ ಸಂಭಾಷಣೆಯಾಗಿ ಬರುತ್ತದೆ. ಕೌಟಿಲ್ಯನ ಪ್ರಾಮಾಣಿಕತೆ ಮೆಚ್ಚಬೇಕಾದುದೇ. ಅವನ ನಂತರದ ಎಷ್ಟೋ ಪ್ರಭುತ್ವಗಳು ಅದನ್ನೇ ಮಾಡಿದರೂ ಅಷ್ಟು ಬಿಚ್ಚಿ ಬರೆದಿಡಲಿಲ್ಲ.

ಯುರೋಪಿನಲ್ಲಿ ಇದೇ ಒಪ್ಪಂದದ ವಾದವನ್ನು ಗೂಢಚಾರರ ನೆರವಿಲ್ಲದೆ, ಗಂಭೀರ ತರ್ಕವಾಗಿ ಕಟ್ಟಿದವರಲ್ಲಿ ಇಂಗ್ಲೆಂಡಿನ ಜಾನ್ ಲಾಕ್ ಮುಖ್ಯನು. ಪ್ರಜೆಯ ಸಮ್ಮತಿಯೇ ಸರ್ಕಾರದ ಹಕ್ಕಿನ ಆಧಾರವೆಂದು ಹೇಳಿದ ಅವನು, ತಾನು ಎಂದೂ ಸಮ್ಮತಿಸಿಲ್ಲವೆನ್ನುವವನಿಗೆ, ದೇಶದಲ್ಲಿ ಭೂಮಿ ಹೊಂದಿರುವುದು, ಅಷ್ಟೇಕೆ, ಅಲ್ಲಿನ ಹೆದ್ದಾರಿಯಲ್ಲಿ ಓಡಾಡುವುದು ಕೂಡ ಮೌನ ಸಮ್ಮತಿಯೆಂದು ಉತ್ತರಿಸಿದನು. ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ 1748ರ ತನ್ನ ಪ್ರಬಂಧದಲ್ಲಿ ಇದನ್ನು ಒಂದೇ ಉದಾಹರಣೆಯಿಂದ ಕೆಡವಿದನು: ನಿದ್ರೆಯಲ್ಲಿದ್ದಾಗ ಹಡಗಿಗೆ ಎತ್ತಿ ಹಾಕಿದ ಮನುಷ್ಯ ಸಮುದ್ರಕ್ಕೆ ಹಾರದೆ ಹಡಗಿನಲ್ಲೇ ಉಳಿದುದರಿಂದ ಕಪ್ತಾನನ ಆಳ್ವಿಕೆಗೆ ಒಪ್ಪಿದನೆಂದು ಹೇಳಬಹುದೇ? ಬೇಡವೆನ್ನಲು ಅವಕಾಶವಿಲ್ಲದ ಕಡೆ ಮೌನವನ್ನು ಒಪ್ಪಿಗೆಯೆಂದು ಎಣಿಸುವುದು ಸಮ್ಮತಿಯ ಅರ್ಥವನ್ನೇ ಬರಿದು ಮಾಡುತ್ತದೆ. ಮತದಾನದ ಮಾತೂ ಇಷ್ಟೇ: ಸೋತ ಪಕ್ಷಕ್ಕೆ ಮತ ನೀಡಿದವನೂ, ಗೆದ್ದ ಪಕ್ಷಕ್ಕೆ ನೀಡಿದವನೂ, ಮತಗಟ್ಟೆಗೇ ಹೋಗದವನೂ ಸಮಾನವಾಗಿ ಬದ್ಧರೆಂದ ಮೇಲೆ ಆ ಬದ್ಧತೆ ಮತದಿಂದ ಹುಟ್ಟಿದ್ದಲ್ಲ.

ಸಮ್ಮತಿಯ ವಾದ ಕುಸಿದಾಗ ಉಪಕಾರದ ವಾದ ಮುಂದೆ ಬರುತ್ತದೆ. ರಸ್ತೆ, ಶಾಲೆ, ಆಸ್ಪತ್ರೆ, ರಕ್ಷಣೆಗಳ ಲಾಭ ಪಡೆದವನು ಅದರ ಹೊರೆಯಲ್ಲೂ ಪಾಲು ಹೊರಬೇಕೆಂಬ ಈ ವಾದದಲ್ಲಿ ಹುರುಳಿದೆ. ಆದರೆ ಅದು ಸಾಧಿಸುವುದು ಒಳ್ಳೆಯ ಕೆಲಸದ ಖರ್ಚಿಗೆ ಕೊಡಬೇಕಾದ ಪಾಲನ್ನು ಮಾತ್ರ. ಅನ್ಯಾಯದ ಕಾನೂನನ್ನೂ ಅರ್ಥಹೀನ ಆಜ್ಞೆಯನ್ನೂ ಪಾಲಿಸಬೇಕೆಂಬ ಸಾರ್ವತ್ರಿಕ ಕರ್ತವ್ಯವನ್ನಲ್ಲ. ಈ ಕಾರಣದಿಂದಲೇ ಅಮೆರಿಕದ ರಾಬರ್ಟ್ ಪಾಲ್ ವೋಲ್ಫ್ 1970ರಲ್ಲಿಯೂ ಮೈಕೆಲ್ ಹ್ಯೂಮರ್ 2013ರಲ್ಲಿಯೂ ಪ್ರಕಟಿಸಿದ ಗ್ರಂಥಗಳು, ವಾದದ ದಾರಿ ಬೇರೆಬೇರೆಯಾದರೂ, ಆಜ್ಞೆ ಎಂಬ ಕಾರಣಕ್ಕೇ ವಿಧೇಯತೆಯನ್ನು ಬಯಸುವ ಹಕ್ಕು ಯಾವ ಸರ್ಕಾರಕ್ಕೂ ಇಲ್ಲವೆಂಬ ನಿಲುವಿಗೆ ಬಂದವು. ತಾತ್ತ್ವಿಕ ಅರಾಜಕತಾವಾದವೆಂದು ಹೆಸರಾದ ಈ ನಿಲುವಿಗೂ ಬಾಂಬು, ದೊಂಬಿಗಳಿಗೂ ಸಂಬಂಧವಿಲ್ಲ. ಕೊಲೆ ಮಾಡಬಾರದೆಂಬುದು ದಂಡಸಂಹಿತೆಯಲ್ಲಿ ಬರೆದಿರುವುದರಿಂದಲ್ಲ, ಕೊಲೆ ತಪ್ಪಾಗಿರುವುದರಿಂದ; ಹಾಗೆಯೇ ಪ್ರತಿಯೊಂದು ಆಜ್ಞೆಯೂ ಅದರ ತಿರುಳಿನ ಮೇಲೆ ತೂಗಲ್ಪಡಬೇಕು ಎಂಬುದಷ್ಟೇ ಅದರ ಸಾರ. ಎಲ್ಲರೂ ತಮಗೆ ಸರಿಕಂಡಂತೆ ತೂಗತೊಡಗಿದರೆ ಒಗ್ಗಟ್ಟಿನ ಬಾಳು ಹೇಗೆ ಎಂಬ ಆಕ್ಷೇಪ ಮಾತ್ರ ಹಗುರವಾದುದಲ್ಲ, ಮತ್ತು ಈ ಲೇಖಕರು ಅದಕ್ಕೆ ಪೂರ್ತಿ ತೃಪ್ತಿಕರವಾದ ಉತ್ತರ ಕೊಟ್ಟಿದ್ದಾರೆಂದು ಹೇಳಲಾಗದು.

ತರ್ಕ ಇಷ್ಟು ಬಡವಾಗಿದ್ದರೂ ನಂಬಿಕೆ ಗಟ್ಟಿಯಾಗಿ ಉಳಿದಿರುವುದಕ್ಕೆ ಮನುಷ್ಯಸ್ವಭಾವವೂ ಕಾರಣ. ಯೇಲ್ ವಿಶ್ವವಿದ್ಯಾಲಯದಲ್ಲಿ ಸ್ಟ್ಯಾನ್ಲಿ ಮಿಲ್‌ಗ್ರಾಮ್ 1961ರಲ್ಲಿ ಆರಂಭಿಸಿದ ಪ್ರಯೋಗಗಳಲ್ಲಿ, ತಪ್ಪು ಉತ್ತರ ಹೇಳಿದ ವ್ಯಕ್ತಿಗೆ ವಿದ್ಯುತ್ ಆಘಾತ ಕೊಡಬೇಕೆಂದು ಸೂಚನೆ ಪಡೆದ 40 ಜನರಲ್ಲಿ 26 ಜನ, ಪ್ರಯೋಗಕಾರನು ಮುಂದುವರಿಸಿರೆಂದು ಹೇಳಿದ ಮಾತ್ರಕ್ಕೆ, 450 ವೋಲ್ಟಿನ ಕೊನೆಯ ಗುಂಡಿಯವರೆಗೂ ಹೋದರು. ಆಘಾತ ನಿಜವಲ್ಲವೆಂಬುದು ಅವರಿಗೆ ತಿಳಿದಿರಲಿಲ್ಲ. ಕಾನೂನು ಕೂಡ ನಂಬಿಕೆಯ ಕಾವಲಿಗೆ ನಿಂತದ್ದುಂಟು. 1870ರಲ್ಲಿ ಭಾರತ ದಂಡಸಂಹಿತೆಗೆ ಸೇರಿದ 124ಎ ಕಲಮು ಸರ್ಕಾರದ ಬಗ್ಗೆ ಅಪ್ರೀತಿ ಹುಟ್ಟಿಸುವುದನ್ನೇ ಅಪರಾಧವೆಂದಿತು. ಅದೇ ಕಲಮಿನಡಿ 1922ರಲ್ಲಿ ಅಹಮದಾಬಾದಿನ ನ್ಯಾಯಾಲಯದಲ್ಲಿ ನಿಂತ ಗಾಂಧೀಜಿ, ಪ್ರೀತಿಯನ್ನು ಕಾನೂನಿನಿಂದ ತಯಾರಿಸಲು ಬರುವುದಿಲ್ಲವೆಂಬ ಅರ್ಥದ ಮಾತಾಡಿ, ತಪ್ಪೊಪ್ಪಿಕೊಂಡು, ಆರು ವರ್ಷಗಳ ಸೆರೆವಾಸವನ್ನು ಪಡೆದರು.

ನಂಬಿಕೆ ಕಳಚಿದಾಗ ಏನಾಗುತ್ತದೆ ಎಂಬುದಕ್ಕೆ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಈಸೂರಿಗಿಂತ ಕಟುವಾದ ನಿದರ್ಶನ ಕನ್ನಡನಾಡಿನಲ್ಲಿ ಸಿಗುವುದು ಕಷ್ಟ. 1942ರ ಕ್ವಿಟ್ ಇಂಡಿಯಾ ಚಳವಳಿಯ ದಿನಗಳಲ್ಲಿ, ಮೈಸೂರು ಸಂಸ್ಥಾನಕ್ಕೆ ಸೇರಿದ್ದ ಆ ಊರು ಕಂದಾಯ ಕೊಡಲು ನಿರಾಕರಿಸಿ, ತಾನು ಸ್ವತಂತ್ರವೆಂದು ಸಾರಿ, ಊರಿನ ಎಳೆಯರಿಬ್ಬರನ್ನು ಅಮಲ್ದಾರ ಮತ್ತು ಸಬ್‌ಇನ್‌ಸ್ಪೆಕ್ಟರರನ್ನಾಗಿ ನೇಮಿಸಿಕೊಂಡಿತು. ಜನ ಗೌರವಿಸುತ್ತಿದ್ದುದು ಮನುಷ್ಯನನ್ನಲ್ಲ, ಹುದ್ದೆಯನ್ನು. ಹುದ್ದೆಯಾದರೋ ಹುಡುಗನಿಗೂ ಕೊಡಬಹುದಾದದ್ದು ಎಂಬುದನ್ನು ಯಾವ ತತ್ತ್ವಗ್ರಂಥವನ್ನೂ ಓದದ ರೈತರು ಇಲ್ಲಿ ತೋರಿಸಿಕೊಟ್ಟರು. ಆದರೆ ಅವರು ಹಳೆಯ ಸರ್ಕಾರವನ್ನು ತಳ್ಳಿದ ಕೂಡಲೇ ಅದೇ ಹುದ್ದೆಗಳುಳ್ಳ ಹೊಸ ಸರ್ಕಾರವನ್ನು ಕಟ್ಟಿದರೆಂಬುದನ್ನೂ ಮರೆಯಲಾಗದು; ಪ್ರಭುತ್ವವೆಂಬುದರಲ್ಲಿ ಅವರ ನಂಬಿಕೆ ಅಳಿದಿರಲಿಲ್ಲ, ನೆಲೆ ಬದಲಿಸಿತ್ತು. ಸೆಪ್ಟೆಂಬರ್ ಕೊನೆಯಲ್ಲಿ ನಿಜವಾದ ಅಮಲ್ದಾರರು ಪೊಲೀಸರೊಡನೆ ಊರಿಗೆ ಬಂದಾಗ ನಡೆದ ಘರ್ಷಣೆಯಲ್ಲಿ ಅಮಲ್ದಾರರೂ ಸಬ್‌ಇನ್‌ಸ್ಪೆಕ್ಟರರೂ ಪ್ರಾಣ ಕಳೆದುಕೊಂಡರು, ಸೈನ್ಯ ಊರಿಗೆ ನುಗ್ಗಿತು, ಜನ ಕಾಡು ಸೇರಿದರು, 1943ರ ಮಾರ್ಚಿನಲ್ಲಿ ಐವರನ್ನು ಗಲ್ಲಿಗೇರಿಸಲಾಯಿತು.

ಅಂದಿನ ಸರ್ಕಾರದ ದಾಖಲೆಯಲ್ಲಿ ಕೊಲೆಗಡುಕರಾಗಿದ್ದ ಆ ಐವರು ಇಂದಿನ ಸರ್ಕಾರಕ್ಕೆ ಹುತಾತ್ಮರು. ಸತ್ತ ಅಧಿಕಾರಿಗಳಿಬ್ಬರೂ ಅದೇ ನಾಡಿನವರು, ತಮಗೆ ಬಂದ ಆಜ್ಞೆಯನ್ನು ಪಾಲಿಸಲು ಹೋದವರು. ಅವರ ಸಾವಿಗಾಗಿ ಐವರ ಪ್ರಾಣ ತೆಗೆದವರೂ ಆಜ್ಞೆಯನ್ನೇ ಪಾಲಿಸಿದವರು. ಗೆದ್ದ ಪ್ರಭುತ್ವದ ಮುದ್ರೆಯಿಂದ ಹತ್ಯೆಯೊಂದರ ನೈತಿಕತೆ ಬದಲಾಗುವುದಾದರೆ 1943ರ ತೀರ್ಪೂ ಇಂದಿನ ಗೌರವವೂ ಒಂದೇ ತೂಕದವು. ಬದಲಾಗುವುದಿಲ್ಲವಾದರೆ ಏಳು ಸಾವುಗಳನ್ನೂ ಒಂದೊಂದಾಗಿ, ಪದವಿ ಮತ್ತು ಸಮವಸ್ತ್ರಗಳನ್ನು ಬದಿಗಿಟ್ಟು, ಮತ್ತೆ ವಿಚಾರಿಸಬೇಕಾಗುತ್ತದೆ, ಮತ್ತು ಆ ವಿಚಾರಣೆ ಅಂದಿನ ಸಂಸ್ಥಾನಕ್ಕೆ ಬೇಕಾಗಿರಲಿಲ್ಲ, ನಂತರ ಬಂದ ಯಾವ ಸರ್ಕಾರಕ್ಕೂ ಬೇಕಾಗಿಲ್ಲ.