ಸ್ಟಾರ್ ಇದೆ, ಪಂಚರಿಲ್ಲ

ಹುಬ್ಬಳ್ಳಿಯಲ್ಲೋ ಹಾಸನದಲ್ಲೋ ಕೂತು ಮೊಬೈಲಿನಲ್ಲಿ ಐನೂರು ರೂಪಾಯಿಯೊಳಗಿನ ಸೀರೆ ಹುಡುಕುವವರ ಕಣ್ಣಿಗೆ ಬೀಳುವ ಮಾಲಿನಲ್ಲಿ ದೊಡ್ಡ ಪಾಲು ಸೂರತ್ತಿನದು. ಅದನ್ನು ತೋರಿಸುವ ಆ್ಯಪ್‌ಗಳಲ್ಲಿ ಎರಡು ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ: 2007ರಲ್ಲಿ ಫ್ಲಿಪ್‌ಕಾರ್ಟ್, 2015ರಲ್ಲಿ ಮೀಶೋ. ಮಾರುವವರು ಗುಜರಾತಿನಲ್ಲಿ, ಕೊಳ್ಳುವವರು ಕರ್ನಾಟಕದಲ್ಲಿ. ಒಬ್ಬರ ಮುಖ ಒಬ್ಬರು ನೋಡುವ ಪ್ರಮೇಯವೇ ಇಲ್ಲ. ಇಂಥ ಅಪರಿಚಿತರ ನಡುವೆ ನಂಬಿಕೆ ಹುಟ್ಟಿಸುವ ಹೊಣೆ ಐದು ಸ್ಟಾರ್‌ಗಳ ಮೇಲೆ ಬಿದ್ದಿದೆ. ವಿಚಾರಿಸಿ ನೋಡಿದರೆ ಎರಡೂ ಕಡೆಯವರು ನೊಂದವರೇ. ಸ್ಟಾರ್ ನಂಬಿ ತರಿಸಿದರೆ ಬಂದ ಮಾಲೇ ಬೇರೆ ಎನ್ನುವುದು ಕೊಂಡವರ ದೂರು. ತಮ್ಮದಲ್ಲದ ತಪ್ಪಿಗೆ ಒಂದು ಸ್ಟಾರ್ ಬಿದ್ದು ವ್ಯಾಪಾರವೇ ಕುಸಿಯಿತು, ಕೇಳುವವರಿಲ್ಲ ಎನ್ನುವುದು ಮಾರಿದವರ ದೂರು. ಈ ಎರಡು ದೂರುಗಳ ಬೇರು ಒಂದೇ. ಅಭಿಪ್ರಾಯ ತಿಳಿಸಲೆಂದು ಹುಟ್ಟಿದ ಸ್ಟಾರ್ ಇವತ್ತು ತೀರ್ಪು ಕೊಡುತ್ತಿದೆ. ತೀರ್ಪಿಗೆ ಇರಬೇಕಾದ ವಿಚಾರಣೆ, ಸಾಕ್ಷ್ಯ, ಕಾರಣ, ಮೇಲ್ಮನವಿ ಇವುಗಳಲ್ಲಿ ಒಂದೂ ಅದಕ್ಕಿಲ್ಲ.

ಈ ವ್ಯವಸ್ಥೆ ಹುಟ್ಟಿದ್ದು ಆನ್‌ಲೈನ್ ಹರಾಜಿನಲ್ಲಿ. 1995ರಲ್ಲಿ ಪಿಯರ್ ಒಮಿಡ್ಯಾರ್ ಅಮೆರಿಕದಲ್ಲಿ ಹರಾಜಿನ ತಾಣವೊಂದನ್ನು ಆರಂಭಿಸಿದರು. ಮುಂದೆ ಅದೇ ಇಬೇ ಆಯಿತು. 1996ರಲ್ಲಿ ಅವರು ಕೊಂಡವರು, ಮಾರಿದವರು ಒಬ್ಬರ ಬಗ್ಗೆ ಒಬ್ಬರು ಎಲ್ಲರಿಗೂ ಕಾಣುವಂತೆ ಬರೆಯುವ ಏರ್ಪಾಟು ಮಾಡಿದರು. ಅದರ ಅಗತ್ಯವನ್ನು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲೇ ವಿವರಿಸಿದ್ದರು. ಮಾಲಿನ ಗುಣ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ ಎಂದಾದರೆ ಒಳ್ಳೆಯ ಮಾಲಿಗೆ ತಕ್ಕ ಬೆಲೆ ಕೊಡಲು ಯಾರೂ ಮುಂದಾಗುವುದಿಲ್ಲ; ಆಗ ಒಳ್ಳೆಯ ಮಾಲು ಪೇಟೆ ಬಿಟ್ಟು ಹೋಗಿ ಕಳಪೆಯದೇ ಉಳಿಯುತ್ತದೆ. ಈ ವಿಚಾರಕ್ಕಾಗಿ 2001ರಲ್ಲಿ ಅವರು ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ಭಾರತದಲ್ಲಿ 2000ದಲ್ಲಿ ಶುರುವಾದ ಬಾಜೀ ಡಾಟ್ ಕಾಮ್ ಎಂಬ ಹರಾಜು ತಾಣವನ್ನು 2004ರಲ್ಲಿ ಇಬೇ ಕೊಂಡಿತು. 2018ರ ಆಗಸ್ಟ್‌ನಲ್ಲಿ ಇಬೇಯ ಭಾರತೀಯ ತಾಣ ಬಾಗಿಲು ಹಾಕಿತು. ಹೀಗೆ ಹರಾಜು ಹಿಂದೆ ಸರಿದರೂ ಅದರೊಂದಿಗೆ ಬಂದ ಸ್ಟಾರ್ ಪದ್ಧತಿ ಮಾತ್ರ ಎಲ್ಲ ಆನ್‌ಲೈನ್ ಅಂಗಡಿಗಳಿಗೂ ಹಬ್ಬಿತು, ತನ್ನ ಹಳೆಯ ದೋಷಗಳೊಂದಿಗೇ ಹಬ್ಬಿತು.

ಆ ದೋಷಗಳು ಆರಂಭದಲ್ಲೇ ಗೊತ್ತಾಗಿದ್ದವು. ಸಂಶೋಧಕರಾದ ಪಾಲ್ ರೆಸ್ನಿಕ್ ಮತ್ತು ರಿಚರ್ಡ್ ಝೆಕ್‌ಹೌಸರ್ ಇಬೇಯ ಮೊದಲ ವರ್ಷಗಳ ವಹಿವಾಟು ಪರಿಶೀಲಿಸಿದಾಗ, ಕೊಂಡವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಮಾತ್ರ ಅಭಿಪ್ರಾಯ ಬರೆದಿದ್ದರು. ಬರೆದದ್ದರಲ್ಲಿ ಶೇ 99ರಷ್ಟು ಹೊಗಳಿಕೆಯೇ ಇತ್ತು. ವ್ಯಾಪಾರವೆಲ್ಲ ಅಷ್ಟು ಚೆನ್ನಾಗಿ ನಡೆದಿತ್ತೆಂದು ಇದರ ಅರ್ಥವಲ್ಲ. ಕೆಟ್ಟದ್ದು ಬರೆದರೆ ಎದುರಿನವರೂ ಕೆಟ್ಟದ್ದೇ ಬರೆಯುತ್ತಾರೆಂಬ ಅಂಜಿಕೆಯಲ್ಲಿ ಅನೇಕರು ಸುಮ್ಮನಾಗುತ್ತಿದ್ದರು. ಇದನ್ನು ಸರಿಪಡಿಸಲು 2008ರಲ್ಲಿ ಇಬೇ, ಮಾರುವವರು ಗಿರಾಕಿಗಳ ಬಗ್ಗೆ ಕೆಟ್ಟ ಅಭಿಪ್ರಾಯ ಬರೆಯುವುದನ್ನೇ ನಿಲ್ಲಿಸಿತು. ಸಿಟ್ಟಿಗೆದ್ದ ವರ್ತಕರು ಆ ವರ್ಷದ ಫೆಬ್ರುವರಿಯಲ್ಲಿ ಒಂದು ವಾರ ಮಾರಾಟ ಬಹಿಷ್ಕರಿಸಿದರು. ಅವರ ಭಯ ಸುಳ್ಳಾಗಿರಲಿಲ್ಲ: ಹಣ ವಾಪಸ್ ಕೊಡದಿದ್ದರೆ ಕೆಟ್ಟ ರಿವ್ಯೂ ಬರೆಯುತ್ತೇನೆಂದು ಹೆದರಿಸುವ ಗಿರಾಕಿಗೆ ಇನ್ನು ಯಾವ ತಡೆಯೂ ಇರಲಿಲ್ಲ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂಬಂತೆ ಅಧಿಕಾರ ಕೈ ಬದಲಾಯಿಸಿತೇ ಹೊರತು ನ್ಯಾಯ ಎರಡು ಕಾಲದಲ್ಲೂ ಬರಲಿಲ್ಲ. ಈ ಅಧಿಕಾರದ ಬೆಲೆ ಎಷ್ಟೆಂಬುದನ್ನೂ ರೆಸ್ನಿಕ್ ತಂಡ ಅಳೆದಿದೆ. ಹಳೆಯ ಪೋಸ್ಟ್‌ಕಾರ್ಡುಗಳನ್ನು ಹೆಸರು ಮಾಡಿದ ಖಾತೆಯಿಂದಲೂ ಹೊಸ ಖಾತೆಗಳಿಂದಲೂ ಮಾರಿದಾಗ, ಹೆಸರಿದ್ದ ಖಾತೆಗೆ ಜನ ಶೇ 8.1ರಷ್ಟು ಹೆಚ್ಚು ಕೊಡಲು ಸಿದ್ಧರಿದ್ದರೆಂದು 2006ರಲ್ಲಿ ಪ್ರಕಟವಾದ ಅವರ ಪ್ರಯೋಗ ತೋರಿಸಿತು. ಅಂದರೆ ಅನ್ಯಾಯವಾಗಿ ಕಿತ್ತುಕೊಂಡ ಹೆಸರು ಅನ್ಯಾಯವಾಗಿ ಕಿತ್ತುಕೊಂಡ ಹಣವೇ.

ಈಗ ಸೂರತ್ತಿನ ರಿಂಗ್ ರೋಡಿನ ಜವಳಿ ಮಾರುಕಟ್ಟೆಗಳ ಕಡೆ ನೋಡಿದರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಕಡಿಮೆ ಬೆಲೆಯ ಸೀರೆಯಲ್ಲಿ ಉಳಿಯುವ ಲಾಭ ಕೆಲವೇ ರೂಪಾಯಿ. ಕ್ಯಾಶ್ ಆನ್ ಡೆಲಿವರಿ ಎಂದು ತರಿಸಿದವರು ಪಾರ್ಸೆಲ್ ಬಂದಾಗ ಬೇಡವೆಂದರೆ ಅದು ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಆ ವೇಳೆಗೆ ಮಡಿಕೆ ಕೆಟ್ಟಿರುತ್ತದೆ, ಹಬ್ಬದ ಗಿರಾಕಿ ಮುಗಿದಿರುತ್ತದೆ. ಉಟ್ಟು ವಾಪಸ್ ಕಳಿಸಿದ ಸೀರೆ, ಹೊಸದರ ಬದಲು ಹಳೆಯದನ್ನು ತುಂಬಿ ಕಳಿಸಿದ ಪಾರ್ಸೆಲ್, ಇವು ಈ ವ್ಯಾಪಾರದಲ್ಲಿ ಎಲ್ಲರೂ ಹೇಳಿಕೊಳ್ಳುವ ಸಂಕಟಗಳು. ಹೀಗಾಗಿ ಕಟ್ಟುವಾಗಲೂ ಬಿಚ್ಚುವಾಗಲೂ ಕ್ಯಾಮೆರಾ ಮುಂದೆ ವಿಡಿಯೊ ಮಾಡಿಟ್ಟುಕೊಳ್ಳುವುದು ವರ್ತಕರಿಗೆ ದಿನನಿತ್ಯದ ಕೆಲಸವಾಗಿದೆ. ವಿಡಿಯೊ ಇದ್ದರೂ ಅದನ್ನು ನೋಡಿ, ಒಪ್ಪಿ ಅಥವಾ ತಳ್ಳಿ, ಹೀಗೇಕೆ ಎಂದು ಹೇಳುವ ಮನುಷ್ಯರು ಸಿಗುವ ಭರವಸೆಯಿಲ್ಲ. ವಡೋದರಾದಿಂದ ಹೆಚ್ಚು ದೂರವಿಲ್ಲದ ಸಂಖೇಡಾದ ಕುಶಲಕರ್ಮಿಗಳದು ಮತ್ತೊಂದು ಬಗೆಯ ಕಷ್ಟ. ತೇಗದ ಮರವನ್ನು ಚರಕಿಯಲ್ಲಿ ಕಡೆದು, ಅರಗಿನ ಬಣ್ಣ ಹಚ್ಚಿ, ಕೇದಗೆ ಎಲೆಯಿಂದ ತಿಕ್ಕಿ ಹೊಳಪು ಕೊಡುವ ಆ ಪೀಠೋಪಕರಣಕ್ಕೆ ಭೌಗೋಳಿಕ ಗುರುತಿನ ಮನ್ನಣೆಯೂ ಇದೆ. ಕೈಯಲ್ಲಿ ಮಾಡಿದ ಎರಡು ಮಣೆಗಳು ತದ್ರೂಪಾಗಿ ಇರುವುದಿಲ್ಲ. ಇಂಥದ್ದಕ್ಕೆ ‘ಚಿತ್ರದಲ್ಲಿದ್ದಂತಿಲ್ಲ’ ಎಂದು ಸ್ಟಾರ್ ಕಡಿದರೆ, ಕೈಕೆಲಸದ ಗುಣವೇ ಅದರ ದೋಷವೆಂದು ದಾಖಲಾಗುತ್ತದೆ.

ಕೊಳ್ಳುವವರ ನೋವು ಇದಕ್ಕಿಂತ ಚಿಕ್ಕದಲ್ಲ. ಪಾಲಿಯೆಸ್ಟರ್ ಸೀರೆಗೆ ‘ರೇಷ್ಮೆ’ ಎಂಬ ಹೆಸರು, ಯಂತ್ರದಲ್ಲಿ ಅಚ್ಚು ಹಾಕಿದ್ದಕ್ಕೆ ‘ಪಟೋಲಾ’ ಎಂಬ ಹೆಸರು, ಮೈಸೂರು ರೇಷ್ಮೆಯನ್ನೋ ಇಳಕಲ್ ಸೀರೆಯನ್ನೋ ಹೋಲುವ ಮಾಲಿಗೆ ಆ ಊರುಗಳದೇ ಹೆಸರು. ಐದೂವರೆ ಮೀಟರ್ ಎಂದಿದ್ದ ಸೀರೆ ಅಳೆದರೆ ಕಡಿಮೆ, ರವಿಕೆ ಬಟ್ಟೆ ಇಲ್ಲವೇ ಇಲ್ಲ. ಒಬ್ಬರ ಸೀರೆಯ ಚಿತ್ರ ಕದ್ದು ಇನ್ನೊಬ್ಬರು ಬೇರೆ ಮಾಲು ಮಾರುವುದೂ ಉಂಟು. ಸ್ಟಾರ್ ಇದನ್ನೆಲ್ಲ ಹಿಡಿಯಬೇಕಿತ್ತು, ಹಿಡಿಯುವುದಿಲ್ಲ. ಬಣ್ಣ ಬಿಡುವುದು, ಜರಿ ಕಪ್ಪಾಗುವುದು ತಿಳಿಯುವುದು ನಾಲ್ಕು ಒಗೆತದ ಮೇಲೆ. ರಿವ್ಯೂ ಕೇಳುವುದು ಪಾರ್ಸೆಲ್ ಬಿಚ್ಚಿದ ದಿನ. ಬಾಡಿಗೆ ಬರಹಗಾರರ ಹೊಗಳಿಕೆ ಎಷ್ಟು ದೊಡ್ಡ ಪಿಡುಗೆಂದರೆ, ಸುಳ್ಳು ರಿವ್ಯೂ ಕೊಳ್ಳುವುದನ್ನೂ ಮಾರುವುದನ್ನೂ ನಿಷೇಧಿಸಲು ಅಮೆರಿಕ 2024ರಲ್ಲಿ ನಿಯಮವನ್ನೇ ಮಾಡಬೇಕಾಯಿತು. ಭಾರತೀಯ ಮಾನಕ ಸಂಸ್ಥೆ ನಮ್ಮಲ್ಲಿ 2022ರಲ್ಲಿ ಐಎಸ್ 19000 ಎಂಬ ಮಾನದಂಡ ಹೊರಡಿಸಿತು. ರಿವ್ಯೂ ಬರೆದವರು ನಿಜವಾದ ವ್ಯಕ್ತಿಯೇ ಎಂದು ಖಚಿತಪಡಿಸಿಕೊಳ್ಳುವ ಕ್ರಮಗಳು ಅದರಲ್ಲಿವೆ. ಆದರೆ ಅದನ್ನು ಪಾಲಿಸುವುದು ಕಂಪನಿಗಳ ಇಚ್ಛೆಗೆ ಬಿಟ್ಟದ್ದಾಗಿತ್ತು.

ಎರಡು ದೂರುಗಳನ್ನು ಅಕ್ಕಪಕ್ಕ ಇಟ್ಟರೆ ಸಂಗತಿ ಕಾಣುತ್ತದೆ. ಏನು ನಡೆಯಿತು ಎಂಬುದನ್ನು ಸ್ಟಾರ್ ದಾಖಲಿಸುವುದಿಲ್ಲ. ಯಾರಿಗೆ ಹೇಗನ್ನಿಸಿತು ಎಂಬುದನ್ನಷ್ಟೇ ದಾಖಲಿಸುತ್ತದೆ. ಕೊರಿಯರ್ ತಡವಾದದ್ದು, ಪೊಟ್ಟಣ ಹರಿದದ್ದು, ಅಳತೆ ತಪ್ಪಿದ್ದು, ಬಣ್ಣ ಮೆಚ್ಚದ್ದು, ನೇರ ಮೋಸ ನಡೆದದ್ದು ಬಹಳ ಸಲ ಒಂದೇ ಅಂಕಿಯೊಳಗೆ ಸೇರಿಹೋಗುತ್ತವೆ. ಆ ಅಂಕಿಯನ್ನು ಹಿಡಿದು ಯಂತ್ರ ಒಬ್ಬರ ಮಾಲನ್ನು ಪಟ್ಟಿಯ ಮೇಲಕ್ಕೆ ತರುತ್ತದೆ, ಇನ್ನೊಬ್ಬರದನ್ನು ಯಾರಿಗೂ ಕಾಣದಷ್ಟು ಕೆಳಕ್ಕೆ ತಳ್ಳುತ್ತದೆ. ಪ್ರಾಮಾಣಿಕ ವರ್ತಕನಿಗೆ ಶಿಕ್ಷೆ ತಪ್ಪುವುದಿಲ್ಲ, ಅಪ್ರಾಮಾಣಿಕನಿಗೆ ಶಿಕ್ಷೆ ಆಗುವುದಿಲ್ಲ. ಮೋಸ ಮಾಡಿದವನು ಹಳೆಯ ಹೆಸರು ಬಿಟ್ಟು ಹೊಸ ಹೆಸರಿನಲ್ಲಿ ಮರುದಿನ ಅಂಗಡಿ ತೆರೆಯಲು ನೋಡುತ್ತಾನೆ. ವರ್ಷಗಟ್ಟಲೆ ಒಂದೇ ಹೆಸರು ಕಾಪಾಡಿಕೊಂಡವನಿಗೆ ಆ ದಾರಿ ಇಲ್ಲ.

ನಂಬಿಕೆಯ ವ್ಯವಹಾರ ಗುಜರಾತಿಗೆ ಹೊಸದಲ್ಲ. ಸೂರತ್ತಿನ ಮಹಿಧರಪುರದ ವಜ್ರದ ಬೀದಿಯಲ್ಲಿ ಕಾಗದದ ಪೊಟ್ಟಣಗಳಲ್ಲಿ ಹರಳುಗಳು ಕೈಯಿಂದ ಕೈಗೆ ಹೋಗುತ್ತವೆ. ಮೆಚ್ಚಿದರೆ ಕೊಳ್ಳುವುದು, ಇಲ್ಲವಾದರೆ ಮರಳಿಸುವುದು ಎಂಬ ‘ಜಂಗಡ್’ ಪದ್ಧತಿಯಲ್ಲಿ ಏನು, ಎಷ್ಟು ತೂಕ ಎಂಬುದನ್ನು ಚೀಟಿಯಲ್ಲಿ ಬರೆದೇ ಮಾಲು ಕೊಡುತ್ತಾರೆ. ವಾಪಸಾತಿಗೆ ಮೊದಲೇ ಸಾಕ್ಷ್ಯ ಸಿದ್ಧವಿರುತ್ತದೆ. ಅಹಮದಾಬಾದಿನಲ್ಲಿ ವರ್ತಕರ ಮಹಾಜನ ಸಂಘಗಳು ಶತಮಾನಗಳ ಕಾಲ ಸದಸ್ಯರ ಜಗಳ ತೀರಿಸುತ್ತಿದ್ದವು, ತಪ್ಪಿದವರಿಗೆ ದಂಡ ಹಾಕುತ್ತಿದ್ದವು. ನಮ್ಮ ಕರಾವಳಿಯಲ್ಲೂ ಇದಕ್ಕೊಂದು ದಾಖಲೆಯಿದೆ. 12ನೇ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿದ್ದ ಟ್ಯುನೀಷಿಯಾ ಮೂಲದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜುಗೆ ಏಡನ್‌ನಿಂದ ಬಂದ ಪತ್ರಗಳು ಕೈರೋದ ಗೆನೀಜಾ ಸಂಗ್ರಹದಲ್ಲಿ ಉಳಿದಿವೆ. ಏಲಕ್ಕಿಗೆ ಮುಂಗಡ ಪಡೆದು ಮಾಲು ಕೊಡದ ಇಲ್ಲಿನ ವ್ಯಾಪಾರಿಯೊಬ್ಬನ ಪ್ರಸ್ತಾಪ ಅವುಗಳಲ್ಲಿದೆ: ಬಾಕಿ ತೀರಿಸದಿದ್ದರೆ ಬಹಿರಂಗ ಖಂಡನೆಯ ಪತ್ರ ಹೊರಡುತ್ತದೆಂದು ಅವನಿಗೆ ತಿಳಿಸಿ ಎಂಬುದು ಏಡನ್‌ನವರ ಕೋರಿಕೆ. ಕೆಟ್ಟ ಹೆಸರಿನ ಭಯ ತೋರಿಸಿ ಮಾತು ಉಳಿಸಿಕೊಳ್ಳುವಂತೆ ಮಾಡುವುದು ಅಷ್ಟು ಹಳೆಯ ಉಪಾಯ. ಆದರೆ ಅಲ್ಲಿ ಹೆಸರು ಕೆಡಿಸುವ ಮೊದಲು ಎಚ್ಚರಿಕೆ ಇತ್ತು, ಆರೋಪ ಇಂಥದ್ದೇ ಎಂಬ ಸ್ಪಷ್ಟತೆ ಇತ್ತು, ಸರಿಪಡಿಸಿಕೊಳ್ಳಲು ಅವಕಾಶವಿತ್ತು.

ಹಳೆಯ ವ್ಯವಸ್ಥೆಯನ್ನೇ ವಾಪಸ್ ತರಬೇಕೆಂದು ಇದರ ಅರ್ಥವಲ್ಲ. ಮಹಾಜನದ ನ್ಯಾಯ ಒಳಗಿನವರಿಗೆ ಮಾತ್ರ ಸಿಗುತ್ತಿತ್ತು. ಜಾತಿ, ಬಂಧುತ್ವ, ಪರಿಚಯ ಇಲ್ಲದವರಿಗೆ ಪೇಟೆಯ ಬಾಗಿಲೇ ತೆರೆಯುತ್ತಿರಲಿಲ್ಲ. ದಲಾಲರ ಹಂಗಿಲ್ಲದೆ ಮನೆಯಿಂದಲೇ ಸೀರೆ ಮಾರುವ ಹೆಣ್ಣುಮಗಳಿಗೆ ದೇಶದ ತುಂಬ ಗಿರಾಕಿ ದೊರಕಿಸಿದ್ದು ಸ್ಟಾರ್ ಪದ್ಧತಿಯೇ. ಹಾಗಾಗಿ ಅದನ್ನು ತೆಗೆದುಹಾಕುವ ಮಾತಿಲ್ಲ. ಹಳೆಯ ಪೇಟೆಯಲ್ಲಿದ್ದ ಸಾಕ್ಷ್ಯವನ್ನೂ ಪಂಚಾಯಿತಿಯನ್ನೂ ಎಲ್ಲರಿಗೂ ತೆರೆದಿರುವ ಹೊಸ ಪೇಟೆಗೆ ತರಬೇಕಾಗಿದೆ. ದಿನಕ್ಕೆ ಲಕ್ಷಾಂತರ ಪಾರ್ಸೆಲ್ ಸಾಗುವಾಗ ಪ್ರತಿ ಜಗಳದ ವಿಚಾರಣೆ ಸಾಧ್ಯವೇ ಎಂದು ಕೇಳುವವರಿದ್ದಾರೆ. ಸಾಧ್ಯವೆಂಬುದಕ್ಕೆ ನಿದರ್ಶನಗಳಿವೆ. ಇಬೇಯ ಆನ್‌ಲೈನ್ ವ್ಯಾಜ್ಯ ಪರಿಹಾರ ವ್ಯವಸ್ಥೆ ವರ್ಷಕ್ಕೆ ಸುಮಾರು 6 ಕೋಟಿ ತಕರಾರುಗಳನ್ನು ನಿಭಾಯಿಸುತ್ತಿತ್ತು. ಅವುಗಳಲ್ಲಿ ಬಹುಪಾಲು ಮನುಷ್ಯರ ಮಧ್ಯಪ್ರವೇಶವಿಲ್ಲದೆ, ಎರಡೂ ಕಡೆಯವರು ಹಂತಹಂತವಾಗಿ ತಮ್ಮ ಮಾತು ಹೇಳಿಕೊಳ್ಳುವ ಏರ್ಪಾಟಿನಲ್ಲೇ ಮುಗಿಯುತ್ತಿದ್ದವು. ಚೀನಾದ ಟಾವೊಬಾವೊ 2012ರಲ್ಲಿ ಅನುಭವಿ ಬಳಕೆದಾರರನ್ನೇ ಪಂಚರನ್ನಾಗಿಸಿ, ಸಾಕ್ಷ್ಯ ನೋಡಿ ಮತ ಹಾಕುವ ಕ್ರಮ ತಂದಿತು. ಮಾರುವವರಿಗೆ ಮಾತಾಡಲು ಬಿಟ್ಟರೆ ಸೇಡಿನ ರಿವ್ಯೂ ಮತ್ತೆ ಬರುತ್ತದೆಂಬ ಆತಂಕಕ್ಕೂ ಉತ್ತರವಿದೆ. 2014ರಲ್ಲಿ ಏರ್‌ಬಿಎನ್‌ಬಿ, ಇಬ್ಬರೂ ಬರೆಯುವವರೆಗೆ ಅಥವಾ ಗಡುವು ಮುಗಿಯುವವರೆಗೆ ಯಾರ ಅಭಿಪ್ರಾಯವನ್ನೂ ತೋರಿಸದ ಪದ್ಧತಿ ತಂದು ಆ ಅವಕಾಶವನ್ನು ಬಹುಮಟ್ಟಿಗೆ ಮುಚ್ಚಿತು.

ಗ್ರಾಹಕರೇ ದುರ್ಬಲರು, ಅವರ ಕೈಯಲ್ಲಿರುವ ಒಂದೇ ಆಯುಧ ಸ್ಟಾರ್, ಅದನ್ನೂ ಮೊಂಡು ಮಾಡಬೇಕೆ ಎಂಬ ಆಕ್ಷೇಪ ಹೆಚ್ಚು ಗಂಭೀರವಾದದ್ದು. ಗ್ರಾಹಕರಿಗೆ ಬಲ ಬೇಕೆಂಬುದನ್ನು ಗುಜರಾತ್ ಬಹಳ ಮೊದಲೇ ಅರಿತಿತ್ತು: ಮನುಭಾಯಿ ಶಾ ಅವರ ಗ್ರಾಹಕ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರ ಅಹಮದಾಬಾದಿನಲ್ಲಿ 1978ರಲ್ಲೇ ಆರಂಭವಾಯಿತು. ಗ್ರಾಹಕರಿಗೆ ಈಗ ಸ್ಟಾರ್‌ಗಿಂತ ಗಟ್ಟಿಯಾದ ಆಯುಧಗಳಿವೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ತಾವಿರುವ ಊರಿನಲ್ಲೇ ದೂರು ಹೂಡಲು ಬಿಡುತ್ತದೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ತಲುಪಿದೆಯೆಂದು ಕಂಪನಿ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. 1915 ಸಂಖ್ಯೆಯ ಸಹಾಯವಾಣಿಯೂ ಇದೆ. ಸಣ್ಣ ವರ್ತಕನ ಪಾಲಿಗೆ ಇಷ್ಟು ಸುಲಭದ ಬಾಗಿಲು ಯಾವುದೂ ಇಲ್ಲ. ಐರೋಪ್ಯ ಒಕ್ಕೂಟ 2019ರಲ್ಲಿ ಮಾಡಿದ ನಿಯಮ, ಮಾರುವವರ ಖಾತೆ ತಡೆಹಿಡಿದರೆ ಲಿಖಿತ ಕಾರಣ ಕೊಡಬೇಕೆಂದೂ ದೊಡ್ಡ ತಾಣಗಳು ಅವರ ದೂರು ಕೇಳುವ ವ್ಯವಸ್ಥೆ ಇಟ್ಟಿರಬೇಕೆಂದೂ ಹೇಳುತ್ತದೆ. ಇನ್ನು ಬಲದಲ್ಲಿ ಸಮವಲ್ಲದವರ ನಡುವೆ ಮಧ್ಯಸ್ಥಿಕೆ ದುರ್ಬಲರಿಗೇ ಹೆಚ್ಚು ನೆರವಾಗಬಲ್ಲದೆಂಬುದಕ್ಕೆ ಅಹಮದಾಬಾದಿನ ಇತಿಹಾಸವೇ ಸಾಕ್ಷಿ. 1918ರ ಗಿರಣಿ ಮುಷ್ಕರ ಕೊನೆಗೊಂಡದ್ದು ಮಾಲೀಕರು, ಕಾರ್ಮಿಕರು ಇಬ್ಬರಿಗೂ ಒಪ್ಪಿಗೆಯಾದ ಆನಂದಶಂಕರ ಧ್ರುವ ಅವರನ್ನು ಪಂಚರನ್ನಾಗಿ ನೇಮಿಸಿದಾಗ. ಕಾರ್ಮಿಕರು ಕೇಳಿದ್ದ ಶೇ 35ರ ಹೆಚ್ಚಳವನ್ನೇ ಅವರ ತೀರ್ಪು ಎತ್ತಿಹಿಡಿಯಿತು.

ಆದ್ದರಿಂದ ಕೇಳಬೇಕಾದದ್ದು ಇಷ್ಟು. ಬಟ್ಟೆಗೆ, ಅಳತೆಗೆ, ಸಾಗಣೆಗೆ ಬೇರೆ ಬೇರೆ ಅಂಕ ಇರಲಿ. ಕೊರಿಯರ್ ತಪ್ಪು ವರ್ತಕನ ಲೆಕ್ಕಕ್ಕೆ ಹೋಗದಿರಲಿ. ವಾಪಸ್ ಒಯ್ಯಲು ಬಂದವರು ಮನೆಬಾಗಿಲಲ್ಲೇ ಪೊಟ್ಟಣ ಬಿಚ್ಚಿ ಚಿತ್ರ ತೆಗೆಯಲಿ. ಆಗ ಪ್ರಾಮಾಣಿಕ ಗಿರಾಕಿಯ ಮೇಲೆ ಸುಳ್ಳು ಆರೋಪವೂ ಬರುವುದಿಲ್ಲ, ಅದಲುಬದಲೂ ನಡೆಯುವುದಿಲ್ಲ. ಒಂದು ಮಾಲು ನೂರಕ್ಕೆ ಎಷ್ಟು ಸಲ ವಾಪಸ್ ಬಂದಿದೆ, ಯಾವ ಕಾರಣಕ್ಕೆ ಬಂದಿದೆ ಎಂಬುದನ್ನು ಕೊಳ್ಳುವವರಿಗೆ ಮೊದಲೇ ತೋರಿಸಲಿ. ತಿಂಗಳ ನಂತರವೂ ರಿವ್ಯೂ ಬರೆಯಲು, ಬರೆದದ್ದನ್ನು ತಿದ್ದಲು ಬರುವಂತಿರಲಿ. ಕೆಟ್ಟ ಅಭಿಪ್ರಾಯವನ್ನು ಪ್ರಶ್ನಿಸಿದಾಗ ಕಂಪನಿಗೆ ಸೇರದ ಪಂಚರೊಬ್ಬರು ಎರಡೂ ಕಡೆಯ ಸಾಕ್ಷ್ಯ ನೋಡಿ, ಕನ್ನಡದಲ್ಲೋ ಗುಜರಾತಿಯಲ್ಲೋ ಅವರವರ ನುಡಿಯಲ್ಲೇ ಕಾರಣ ಬರೆದು ತೀರ್ಮಾನ ತಿಳಿಸಲಿ. ಇದಕ್ಕೆ ಖರ್ಚು ತಗಲುತ್ತದೆ, ನಿಜ. ಆದರೆ ಇವತ್ತು ಆ ಖರ್ಚು ಇಲ್ಲವೆಂದಲ್ಲ. ವಾಪಸಾತಿಯ ನಷ್ಟ ಸೇರಿ ಏರಿದ ಬೆಲೆಯ ರೂಪದಲ್ಲಿ ಕೊಳ್ಳುವವರೂ, ಕೈಬಿಟ್ಟ ಲಾಭದ ರೂಪದಲ್ಲಿ ಮಾರುವವರೂ ಅದನ್ನು ಈಗಾಗಲೇ ಭರಿಸುತ್ತಿದ್ದಾರೆ. ಯಾರ ಹೆಸರು ಮೇಲಿರಬೇಕು, ಯಾರದು ಕೆಳಗಿರಬೇಕು ಎಂದು ನಿರ್ಧರಿಸುವ ಅಧಿಕಾರವನ್ನು ಕಂಪನಿಗಳು ಇಟ್ಟುಕೊಂಡಿವೆ. ಆ ಅಧಿಕಾರದ ಜೊತೆಗೆ ಕಾರಣ ಹೇಳುವ ಹೊಣೆಯನ್ನೂ ಅವು ಹೊರುವಂತೆ ಕಾನೂನು ಮಾಡಬೇಕು; ಅದಕ್ಕಾಗಿ ಗ್ರಾಹಕರೂ ವರ್ತಕರೂ ಒಬ್ಬರನ್ನೊಬ್ಬರು ದೂರುವುದನ್ನು ಬಿಟ್ಟು ಒಟ್ಟಾಗಿ ಕೇಳಬೇಕು.