ಉಸಿರೆಣಿಸುವ ಆ ಒಂದು ನಿಮಿಷ

ದಮ್ಮು ಹತ್ತಿ ಆಸ್ಪತ್ರೆಗೆ ಬಂದವರನ್ನು ನರ್ಸ್ ಕೇಳುತ್ತಾರೆ: "ಯಾವಾಗಿಂದ ಹೀಗಾಗ್ತಿದೆ?" ಉತ್ತರದಷ್ಟೇ ಉತ್ತರಿಸುವ ಬಗೆಯನ್ನೂ ಅವರು ಗಮನಿಸುತ್ತಿರುತ್ತಾರೆ. ಎರಡು ಮಾತಿಗೊಮ್ಮೆ ಉಸಿರು ಕಟ್ಟಿದರೆ ಉಳಿದ ಪ್ರಶ್ನೆಗಳೆಲ್ಲ ಆಮೇಲೆ. ಕತ್ತಿನ ಸ್ನಾಯುಗಳು ಬಿಗಿಯುತ್ತಿವೆಯೇ, ಪಕ್ಕೆಲುಬುಗಳ ನಡುವಿನ ಚರ್ಮ ಒಳಕ್ಕೆ ಸೆಳೆಯುತ್ತಿದೆಯೇ, ತುಟಿ ನೀಲಿಗಟ್ಟಿದೆಯೇ ಎಂದು ನೋಡುತ್ತಲೇ ಮಂಚದ ತಲೆಭಾಗ ಎತ್ತಿ ಕೂರಿಸುತ್ತಾರೆ. ಅಂಗಾತ ಮಲಗಿದರೆ ಹೊಟ್ಟೆಯ ಅಂಗಗಳು ವಪೆಯನ್ನು ಮೇಲಕ್ಕೆ ಒತ್ತಿ ಉಸಿರಾಟ ಇನ್ನಷ್ಟು ಕಷ್ಟವಾಗುತ್ತದೆ.

ಆಮೇಲೆ ಎಣಿಕೆ. ನಾಡಿ ನೋಡಿದ ಮೇಲೂ ಕೈ ಬಿಡದೆ, ಎದೆಯ ಏರಿಳಿತವನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ಎಣಿಸುತ್ತಿದ್ದಾರೆಂದು ಗೊತ್ತಾದರೆ ರೋಗಿಯ ಉಸಿರಿನ ಗತಿಯೇ ಬದಲಾಗಬಹುದು. ವಯಸ್ಕರಿಗೆ 12ರಿಂದ 20 ಸಹಜ. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲಿ ರೂಪಿಸಿದ ಮುನ್ನೆಚ್ಚರಿಕೆ ಪಟ್ಟಿಯಲ್ಲಿ 25 ಅಥವಾ ಅದಕ್ಕೂ ಹೆಚ್ಚಿನ ಉಸಿರಿಗೆ ಅಪಾಯದ ಅತಿ ಹೆಚ್ಚಿನ ಅಂಕ, ಅಂದರೆ 3. ಆದರೂ ಎಣಿಸದೆಯೇ ಚಾರ್ಟಿನಲ್ಲಿ 20 ಎಂದು ಬರೆದಿಡುವ ರೂಢಿ ಎಷ್ಟೋ ಕಡೆ ಇದೆ. ಕೆಲಸದ ಹೊರೆ ನಿಜ, ಆದರೆ ಇಲ್ಲಿ ತಪ್ಪಿಹೋಗುವುದು ಎಲ್ಲಕ್ಕಿಂತ ಮೊದಲು ಸಿಗುವ ಸುಳಿವು.

ರಕ್ತದ ಆಮ್ಲಜನಕ ಅಳೆಯಲು ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಇದೆಯಲ್ಲ ಎನ್ನಬಹುದು. ಜಪಾನಿನ ತಕುವೊ ಅಯೊಯಾಗಿ 1970ರ ದಶಕದಲ್ಲಿ ಕಂಡುಕೊಂಡ ಅದರ ತತ್ವ ಅಸಂಖ್ಯ ಜೀವ ಉಳಿಸಿದೆ. ಆದರೆ ಶ್ವಾಸಕೋಶ ಸೋಲತೊಡಗಿದಾಗ ಮೆದುಳು ಉಸಿರಾಟದ ವೇಗ ಹೆಚ್ಚಿಸಿ ಆಮ್ಲಜನಕವನ್ನು ಸರಿದೂಗಿಸುತ್ತದೆ. ಹಾಗಾಗಿ ಮೀಟರ್ 96 ತೋರಿಸುತ್ತಿರುವಾಗಲೇ ಉಸಿರು 30 ಮುಟ್ಟಿರಬಹುದು. ಬೆರಳು ತಣ್ಣಗಿದ್ದರೆ, ಉಗುರಿಗೆ ಗಾಢ ಬಣ್ಣವಿದ್ದರೆ ಮೀಟರ್ ತಪ್ಪಬಹುದು. ಕಪ್ಪು ಮೈಬಣ್ಣದವರಲ್ಲಿ ಇರುವುದಕ್ಕಿಂತ ತುಸು ಹೆಚ್ಚು ತೋರಿಸುವುದೂ ಉಂಟು. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಿ ಮಲಗಿದವರ ರಕ್ತದಲ್ಲಿ ಇಂಗಾಲದ ಮಾನಾಕ್ಸೈಡ್ ತುಂಬಿದ್ದರೂ ಅದನ್ನು ಮೀಟರ್ ಆಮ್ಲಜನಕವೆಂದೇ ಓದುತ್ತದೆ.

ಕಿವಿಗೂ ಎಚ್ಚರ ಬೇಕು. ತೀವ್ರ ಅಸ್ತಮಾದಲ್ಲಿ ಸುಂಯ್‌ಗುಡುವ ಸದ್ದು ಇದ್ದಕ್ಕಿದ್ದಂತೆ ನಿಂತು ರೋಗಿ ಮಂಕಾದರೆ ಅದು ಗುಣವಲ್ಲ. ಗಾಳಿ ಒಳಹೋಗುವುದೇ ನಿಲ್ಲುತ್ತಿದೆ. ವೈದ್ಯರನ್ನು ಆ ಕ್ಷಣ ಕರೆಯಬೇಕು.

ಆಮ್ಲಜನಕಕ್ಕೂ ಅಳತೆಯಿದೆ. ಬೀಡಿಯಿಂದಲೋ ವರ್ಷಗಟ್ಟಲೆ ಕುಡಿದ ಸೌದೆ ಒಲೆಯ ಹೊಗೆಯಿಂದಲೋ ಸಿಒಪಿಡಿ ಎಂಬ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಬಂದವರಲ್ಲಿ ಸಾಮಾನ್ಯವಾಗಿ ಮೀಟರಿನಲ್ಲಿ 88ರಿಂದ 92 ಪ್ರತಿಶತವೇ ಗುರಿ. ಅದಕ್ಕಿಂತ ಹೆಚ್ಚು ಕೊಟ್ಟರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ರೋಗಿ ತೂಕಡಿಸತೊಡಗಬಹುದು. "ಸ್ವಲ್ಪ ಜಾಸ್ತಿ ಬಿಡಿ ಸಿಸ್ಟರ್" ಎಂದು ಮನೆಯವರು ಬೇಡಿಕೊಂಡಾಗ ನರ್ಸ್ ಒಪ್ಪದಿರುವುದು ಇದಕ್ಕೇ.